ಕಾಡಿನ ಬೀಜ ಸುತ್ತೋಲೆಗೆ ಕಾಯುವುದಿಲ್ಲ

ಮಲೆನಾಡಿನ ಪ್ರೌಢಶಾಲೆಗಳಲ್ಲಿ ಗಿಡ ನೆಡುವ ದಿನವೊಂದಿದೆ. ಗಿಡ ಬೆಳೆಸುವ ವರ್ಷವಿಲ್ಲ. ಜೂನ್ 5ರ ವಿಶ್ವ ಪರಿಸರ ದಿನದಂದೋ ಜುಲೈ ಮೊದಲ ವಾರದ ವನಮಹೋತ್ಸವದಂದೋ ಇಲಾಖೆಯ ವಾಹನದಲ್ಲಿ ಸಸಿಗಳು ಬಂದಿಳಿಯುತ್ತವೆ. ಹಿಂದಿನ ದಿನವೇ ಹತ್ತನೆಯ ತರಗತಿಯ ಹುಡುಗರು ಗುಂಡಿ ತೋಡಿಟ್ಟಿರುತ್ತಾರೆ. ಅತಿಥಿಗಳು ಆಗಮಿಸುತ್ತಾರೆ, ಭಾಷಣಗಳಾಗುತ್ತವೆ. ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದುಕೊಂಡು, ಒಂದು ಸಸಿಗೆ ಹತ್ತು ಕೈ ತಾಗಿಸಿ, ಛಾಯಾಚಿತ್ರ ತೆಗೆಸಿಕೊಳ್ಳಲಾಗುತ್ತದೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆ ಚಿತ್ರ ಬರುತ್ತದೆ. ಮಾರ್ಚ್ ತಿಂಗಳಲ್ಲಿ ಆ ಸಸಿ ಏನಾಯಿತೆಂದು ನೋಡಲು ಹೋದವರು ಮಾತ್ರ ಯಾರೂ ಇಲ್ಲ. ಮುಂದಿನ ಜುಲೈಯಲ್ಲಿ ಅದೇ ಗುಂಡಿಯನ್ನು ಮತ್ತೊಮ್ಮೆ ಕೆದಕಲಾಗುತ್ತದೆ.

ಕೆ. ಎಂ. ಮುನ್ಶಿಯವರು ಕೇಂದ್ರ ಸಚಿವರಾಗಿದ್ದಾಗ, 1950ರಲ್ಲಿ, ವನಮಹೋತ್ಸವವನ್ನು ಆರಂಭಿಸಿದರು. ಆ ಉತ್ಸವಕ್ಕೆ ಎಪ್ಪತ್ತೈದು ಮಳೆಗಾಲಗಳು ತುಂಬಿವೆ. ಶಾಲೆಗಳ ಕಡತಗಳಲ್ಲಿ ಲೆಕ್ಕ ಬರೆದಿಟ್ಟ ಸಸಿಗಳೆಲ್ಲ ಬದುಕಿದ್ದರೆ ಇಂದು ತರಗತಿಯ ಕೋಣೆಗಳಿಗೇ ಜಾಗ ಉಳಿಯುತ್ತಿರಲಿಲ್ಲ. ಸಸಿಗಳು ಸತ್ತದ್ದಕ್ಕೆ ದನಗಳನ್ನು ದೂರುವವರಿದ್ದಾರೆ, ಮಕ್ಕಳ ಅಶ್ರದ್ಧೆಯನ್ನು ದೂರುವವರಿದ್ದಾರೆ, ಕೈಕೊಟ್ಟ ಮಳೆಯನ್ನು ದೂರುವವರಿದ್ದಾರೆ. ತಪ್ಪಿರುವುದು ಇವುಗಳಲ್ಲಿ ಅಲ್ಲ. ತಪ್ಪಿರುವುದು ಕಾಡನ್ನೂ ಗದ್ದೆಯನ್ನೂ ಮಕ್ಕಳಿಗೆ ಕಲಿಸುವ ಕೆಲಸವನ್ನು ಕಚೇರಿಯ ಕ್ಯಾಲೆಂಡರಿಗೆ ಕಟ್ಟಿಹಾಕಿದ್ದರಲ್ಲಿ.

ಎರಡು ಪಂಚಾಂಗಗಳು

ಮಲೆನಾಡಿನ ಕಾಡಿಗೆ ತನ್ನದೇ ಪಂಚಾಂಗವಿದೆ. ಮುರುಗಲು ಹಣ್ಣಾಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಕಿರಾಲುಬೋಗಿಯ ರೆಕ್ಕೆಬೀಜ ಗಾಳಿಗೆ ತೇಲಿ ಬೀಳುವುದು ಮುಂಗಾರಿನ ಹೊಸ್ತಿಲಲ್ಲಿ. ನೇರಳೆ, ಹೆಬ್ಬಲಸು, ಹಲಸುಗಳ ಬೀಜ ದೊರೆಯುವುದು ಮಳೆ ಹಿಡಿಯುವ ಹೊತ್ತಿಗೆ. ಸಾಲುಧೂಪದ ಕಾಯಿ ಮಳೆಯ ನಡುವೆ ಉದುರಿದರೆ ಉಪ್ಪಾಗೆಯ ಹಣ್ಣು ಆಷಾಢ-ಶ್ರಾವಣದ ಸುರಿಮಳೆಯಲ್ಲಿ ನೆಲಕ್ಕೆ ಬೀಳುತ್ತದೆ. ನಿತ್ಯಹರಿದ್ವರ್ಣ ಕಾಡಿನ ಬಹುತೇಕ ಮರಗಳ ಬೀಜಕ್ಕೆ ಕಾಯುವ ಗುಣವಿಲ್ಲ. ಒಳಗಿನ ತೇವ ಆರಿದರೆ ಜೀವವೂ ಆರಿತು. ಹಲಸಿನ ಬೀಜ ಒಂದು ತಿಂಗಳು ತಡೆದೀತು. ಬೋಗಿಯ ಬೀಜ ಅಷ್ಟು ದಿನವೂ ತಡೆಯದು. ಬಿದ್ದ ಕೆಲವೇ ದಿನಗಳಲ್ಲಿ ಆರಿಸಿ, ಮಣ್ಣಿಗೆ ಸೇರಿಸಬೇಕು.

ಶಾಲೆಯ ಪಂಚಾಂಗ ಬೇರೆ. ಮಾರ್ಚ್ ಬಂತೆಂದರೆ ಪರೀಕ್ಷೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಜೂನ್ ತಿಂಗಳು ದಾಖಲಾತಿ, ಪಠ್ಯಪುಸ್ತಕ, ಸಮವಸ್ತ್ರಗಳ ಗಡಿಬಿಡಿಯಲ್ಲಿ ಕಳೆಯುತ್ತದೆ. ಕಾಡು ಬೀಜ ಕೊಡುವಾಗ ಶಾಲೆಗೆ ಬೀಗ ಬಿದ್ದಿರುತ್ತದೆ. ಶಾಲೆಗೆ ಬಿಡುವಾದಾಗ ಬೀಜ ಮೊಳೆತು ಹೋಗಿರುತ್ತದೆ, ಇಲ್ಲವೇ ಕೊಳೆತು ಹೋಗಿರುತ್ತದೆ. ನೆಟ್ಟ ಸಸಿಗೆ ಮೊದಲ ಬೇಸಿಗೆಯೇ ಮರಣಗಂಡ. ಜನವರಿಯಿಂದ ಮೇವರೆಗೆ ಬುಡಕ್ಕೆ ದರಕಿನ ಹೊದಿಕೆ, ಬೆಂಕಿಯಿಂದ ಕಾವಲು, ಬೇಲಿಯ ದುರಸ್ತಿ ಬೇಕು. ಆ ಐದು ತಿಂಗಳೂ ಶಾಲೆಗೆ ಪರಿಸರದ ನೆನಪಿರುವುದಿಲ್ಲ.

ಹಾಗಾದರೆ ಜುಲೈಯಲ್ಲಿ ಶಾಲೆಗೆ ಬರುವ ಸಸಿಗಳು ಯಾವುವು? ಸರ್ಕಾರಿ ಸಸ್ಯಕ್ಷೇತ್ರಗಳಲ್ಲಿ ದಶಕಗಳ ಕಾಲ ಅಕೇಶಿಯಾ ಏಕೆ ತುಂಬಿತ್ತು ಎಂಬ ಪ್ರಶ್ನೆಗೂ ಇಲ್ಲಿಯೇ ಒಂದು ಉತ್ತರವಿದೆ. ಆಸ್ಟ್ರೇಲಿಯಾ ಮತ್ತು ಪಪುವಾ ನ್ಯೂಗಿನಿ ಮೂಲದ ಆ ಮರದ ಗಟ್ಟಿ ಸಿಪ್ಪೆಯ ಬೀಜ ಚೀಲದಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಟೆಂಡರು, ಅನುದಾನ, ಮಂಜೂರಾತಿಗಳಿಗೆ ಅದು ಕಾಯುತ್ತದೆ. ಮೊಳೆತ ಮೇಲೆ ಬೇಗನೆ ಏಳುತ್ತದೆ, ದನ ಮುಟ್ಟುವುದಿಲ್ಲ, ಬರಡು ನೆಲದಲ್ಲೂ ಬದುಕುತ್ತದೆ. ಭದ್ರಾವತಿಯ ಕಾಗದ ಕಾರ್ಖಾನೆಯ ಹೆಸರಿನಲ್ಲಿ ಮಲೆನಾಡಿನ ಗುಡ್ಡಗಳ ಮೇಲೆ ಅಕೇಶಿಯಾ, ನೀಲಗಿರಿ ತೋಪುಗಳು ಎದ್ದವು. ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. ಅಕೇಶಿಯಾದ ಬೀಜ ಸಿಡಿಯುವುದು ನಿಂತಿಲ್ಲ. ಕಚೇರಿಗೆ ಅನುಕೂಲವಾದ ಮರ ಗುಡ್ಡವನ್ನು ಆಳಿತು. ಗುಡ್ಡಕ್ಕೆ ಅನುಕೂಲವಾದ ಮರ ಕಚೇರಿಯ ಪಟ್ಟಿಗೆ ಸೇರಲಿಲ್ಲ. ಆ ಪಟ್ಟಿಯನ್ನು ಬದಲಿಸುವ ಸಾಮರ್ಥ್ಯ ಯಾರಿಗಾದರೂ ಇದ್ದರೆ ಅದು ದಿನವೂ ಕಾಡಿನ ದಾರಿಯಲ್ಲಿ ನಡೆದು ಶಾಲೆಗೆ ಬರುವ ಮಕ್ಕಳಿಗಿದೆ. ಯಾವ ಮರ ಯಾವ ವಾರ ಹಣ್ಣುದುರಿಸಿತೆಂದು ಅವರಿಗೆ ತಿಳಿದಷ್ಟು ಯಾವ ಅಧಿಕಾರಿಗೂ ತಿಳಿಯದು.

ಮೂರು ಮಳೆಗಾಲದ ಶಿಕ್ಷಣ

ಎಂಟನೆಯ ತರಗತಿಗೆ ಸೇರಿದ ವಿದ್ಯಾರ್ಥಿ ಹತ್ತನೆಯದನ್ನು ಮುಗಿಸುವ ಮುನ್ನ ಮೂರು ಮಳೆಗಾಲಗಳನ್ನು ಅದೇ ಶಾಲೆಯಲ್ಲಿ ಕಾಣುತ್ತಾನೆ, ಕಾಣುತ್ತಾಳೆ. ಒಂದು ಬೀಜ ಗುಡ್ಡದ ಮೇಲೆ ನೆಲೆಯೂರಿದ ಗಿಡವಾಗಲು ಬೇಕಾದ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಈ ಹೊಂದಾಣಿಕೆಯನ್ನು ಯಾವ ಶಿಕ್ಷಣ ತಜ್ಞರೂ ಯೋಜಿಸಿದ್ದಲ್ಲ. ಬಳಸಿಕೊಳ್ಳುವ ಮನಸ್ಸು ಬೇಕು, ಅಷ್ಟೆ.

ಮೊದಲ ಮಳೆಗಾಲ ಬೀಜಕ್ಕೆ ಮೀಸಲು. ರಜೆಯಲ್ಲಿ ಬಿದ್ದ ಮುರುಗಲಿನ ಬೀಜವನ್ನು ಮಕ್ಕಳು ಮನೆಯಂಗಳದ ಮರಳಿನ ಪಾತಿಯಲ್ಲಿ ಊರಿ, ಶಾಲೆ ತೆರೆದ ಮೇಲೆ ಮೊಳಕೆಗಳನ್ನು ತರಬಹುದು. ಕಾಪಿ ಬರೆಯುವ ಮನೆಗೆಲಸಕ್ಕಿಂತ ಇದು ಕೀಳಲ್ಲ. ಜೂನ್-ಜುಲೈಯ ಬೀಜಗಳನ್ನು ಮಕ್ಕಳೇ ಆರಿಸಿ ತಂದು, ಯಾವ ಮರದಿಂದ, ಯಾವ ತಾರೀಖಿನಂದು, ಎಷ್ಟು ಎಂಬುದನ್ನು ಪುಸ್ತಕದಲ್ಲಿ ದಾಖಲಿಸಬೇಕು. ಬಿದ್ದ ಹಣ್ಣೆಲ್ಲವನ್ನೂ ಬಾಚಿ ತರಬಾರದೆಂಬ ನಿಯಮ ಆ ಪುಸ್ತಕದ ಮೊದಲ ಪುಟದಲ್ಲಿರಬೇಕು. ಮಂಗ, ಹಕ್ಕಿ, ಹಂದಿಗಳ ಪಾಲು ನೆಲದ ಮೇಲೆ ಉಳಿಯಬೇಕು. ಎರಡನೆಯ ಮಳೆಗಾಲ ನೆಡುವುದಕ್ಕೆ. ತಾವೇ ಬೆಳೆಸಿದ, ವರ್ಷ ತುಂಬಿದ ಸಸಿಯನ್ನು ಒಂಬತ್ತನೆಯ ತರಗತಿಯವರು ನೆಡುತ್ತಾರೆ. ಮೂರನೆಯ ಮಳೆಗಾಲ ಲೆಕ್ಕಕ್ಕೆ. ಸತ್ತದ್ದೆಷ್ಟು, ಬದುಕಿದ್ದೆಷ್ಟು, ಯಾವ ಜಾತಿ ಎಲ್ಲಿ ಒಗ್ಗಿತು, ಎಲ್ಲಿ ಒಗ್ಗಲಿಲ್ಲ ಎಂಬುದನ್ನು ಹತ್ತನೆಯ ತರಗತಿಯವರು ಎಣಿಸಿ ಎಂಟನೆಯವರಿಗೆ ಒಪ್ಪಿಸಿ ಹೋಗುತ್ತಾರೆ. ನವೆಂಬರಿನ ನಂತರ ಅವರಿಗೆ ಪರೀಕ್ಷೆಯ ಹೊರತು ಬೇರೆ ಹೊರೆ ಇರಬಾರದು.

ಬೇಸಿಗೆ ರಜೆಯಲ್ಲಿ ಸಸಿಗಳಿಗೆ ನೀರು ಹಾಕುವವರು ಯಾರು? ಇಂತಹ ಅನೇಕ ಪ್ರಯತ್ನಗಳು ಸತ್ತಿರುವುದು ಇದೇ ಪ್ರಶ್ನೆಯಲ್ಲಿ. ಉತ್ತರ ಸರಳವಾಗಿದೆ: ಸಸ್ಯಪಾತಿ ಶಾಲೆಯ ಆವರಣದಲ್ಲೇ ಇರಬೇಕೆಂದೇನಿಲ್ಲ. ಶಾಲೆಯ ಪಕ್ಕದ ತೋಟದ, ಹರಿನೀರು ಮತ್ತು ನೆರಳಿರುವ ಮೂಲೆಯಲ್ಲಿ ಇಟ್ಟರೆ ಏಪ್ರಿಲ್-ಮೇ ತಿಂಗಳೂ ಸಸಿ ಬದುಕುತ್ತದೆ. ಆ ತೋಟದವರಿಗೆ ನಿರ್ವಹಣೆಯ ವೆಚ್ಚ ಕೊಡಬೇಕು. ಸಮೀಪದ ಮನೆಗಳ ಮಕ್ಕಳು ಸರದಿಯ ಮೇಲೆ ಬಂದು ನೋಡಿ ಹೋಗಬೇಕು.

ಆವಾಸವನ್ನು ಮರುಕಟ್ಟುವುದೆಂದರೆ ಎಲ್ಲೆಡೆ ಮರ ನೆಡುವುದೆಂಬ ಮೂಢನಂಬಿಕೆಯನ್ನೂ ಶಾಲೆ ಬಿಡಬೇಕು. ಬ್ಯಾಣದ ಹುಲ್ಲುಗಾವಲು ಪಾಳುಭೂಮಿಯಲ್ಲ. ಕುದುರೆಮುಖ, ಬಾಬಾಬುಡನ್‌ಗಿರಿಗಳ ನೆತ್ತಿಯ ಹುಲ್ಲು ಶೋಲಾ ಕಾಡಿನಷ್ಟೇ ಹಳೆಯ ಬದುಕು. ಅಲ್ಲಿ ಸಸಿ ನೆಡುವುದು ಆವಾಸದ ನಾಶವೇ ಹೊರತು ಉದ್ಧಾರವಲ್ಲ. ಕಾಲಲ್ಲಿ ನೀರು ನಿಲ್ಲುವ ಜಡ್ಡಿಯ ರಾಂಪತ್ರೆಯನ್ನು ಕೆಂಪು ಜಂಬಿಟ್ಟಿಗೆಯ ಗುಡ್ಡಕ್ಕೆ ಒಯ್ದು ನೆಟ್ಟರೆ ಅದು ಡಿಸೆಂಬರನ್ನೂ ಕಾಣುವುದಿಲ್ಲ. ಹೊಳೆದಂಡೆಗೆ ಹೊಳೆಮತ್ತಿ, ಅಪ್ಪೆಮಾವು. ಒಣಗುಡ್ಡಕ್ಕೆ ನೆಲ್ಲಿ, ಅಳಲೆ, ಕೌಲು, ಮತ್ತಿ. ಅನೇಕ ಕಡೆ ಏನನ್ನೂ ನೆಡುವ ಅಗತ್ಯವೇ ಇಲ್ಲ. ಕಡಿದ ಬುಡಗಳು ಮಣ್ಣಿನಡಿ ಜೀವಂತವಾಗಿರುತ್ತವೆ. ಎರಡು ಬೇಸಿಗೆ ಬೆಂಕಿ ಬೀಳದಂತೆ ಕಾದು, ಸುತ್ತ ಹಬ್ಬಿದ ಲಂಟಾನ, ಯುಪಟೋರಿಯಂಗಳನ್ನು ಸವರಿದರೆ ಕಾಡು ತಾನಾಗಿ ತಲೆಯೆತ್ತುತ್ತದೆ. ಇಂತಹ ಕೆಲಸದಲ್ಲಿ ಛಾಯಾಚಿತ್ರಕ್ಕೆ ಒದಗುವಂಥದ್ದೇನೂ ಇಲ್ಲ. ಆದ್ದರಿಂದಲೇ ಅದು ಯಾವ ಕಾರ್ಯಕ್ರಮದಲ್ಲೂ ಸೇರುವುದಿಲ್ಲ.

ಗದ್ದೆಯನ್ನು ಬಿಟ್ಟು ಕಾಡಿಲ್ಲ

ಪರಿಸರ ಶಿಕ್ಷಣ ಒಂದು ಕಡೆ, ಕೃಷಿ ಶಿಕ್ಷಣ ಇನ್ನೊಂದು ಕಡೆ ಎಂಬ ವಿಭಜನೆ ನಗರದಿಂದ ಬಂದದ್ದು. ಮಲೆನಾಡಿನ ಬೇಸಾಯಕ್ಕೆ ಆ ಗೆರೆ ಎಂದೂ ಗೊತ್ತಿರಲಿಲ್ಲ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತನ್ನು ಬ್ರಿಟಿಷರ ಆಡಳಿತವೇ ಮಾನ್ಯ ಮಾಡಬೇಕಾಯಿತು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ಬೆಟ್ಟ ಹಿಡಿದಿಟ್ಟ ನೀರು ಬೇಸಿಗೆಯಲ್ಲಿ ತೋಟದ ಕಾದಿಗೆಗೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೆ ಉಳಿದವೂ ನಿಲ್ಲುವುದಿಲ್ಲ. ಇಂದು ಅನೇಕ ಬೆಟ್ಟಗಳು ಅತಿಯಾದ ಸೊಪ್ಪುಕಡಿತದಿಂದ ಬೋಳಾಗಿವೆ, ಕೆಲವು ತೋಟಗಳೇ ಆಗಿಹೋಗಿವೆ. ಗದ್ದೆಗಳು ಅಡಿಕೆಗೆ ತಿರುಗಿವೆ, ಶುಂಠಿಗೆ ಗುತ್ತಿಗೆ ಹೋಗಿವೆ. ಮಕ್ಕಳ ಕೈಯಲ್ಲಿ ಮತ್ತೆ ಕಟ್ಟಬೇಕಾದ ಆವಾಸ ದೂರದ ಅಭಯಾರಣ್ಯದಲ್ಲಿಲ್ಲ. ಅದು ಶಾಲೆಯ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ, ಕೆರೆಯ ದಂಡೆಯಲ್ಲಿ, ಹಳ್ಳದ ಇಕ್ಕೆಲದಲ್ಲಿದೆ.

ಶಾಲೆಗೆ ಒಂದೆರಡು ಗುಂಟೆ ಗದ್ದೆ ಸಾಕು. ಊರಿನ ಹಿರಿಯರೊಬ್ಬರು ಉಳಿಸಿಕೊಂಡು ಬಂದ ನಾಟಿ ಭತ್ತದ ತಳಿಯನ್ನು ಜೂನಿನಲ್ಲಿ ಸಸಿಮಡಿಗೆ ಹಾಕಿ, ಜುಲೈಯಲ್ಲಿ ನೆಟ್ಟು, ನವೆಂಬರ್-ಡಿಸೆಂಬರಿನಲ್ಲಿ ಕೊಯ್ದರೆ ಪಠ್ಯದ ಜೀವಶಾಸ್ತ್ರ ಕೆಸರಿನಲ್ಲಿ ಕಣ್ಣೆದುರು ನಿಲ್ಲುತ್ತದೆ. ರಸಾಯನಶಾಸ್ತ್ರದ ತರಗತಿಗೆ ಕೊಳೆರೋಗಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸುಣ್ಣ ಕಡಿಮೆಯಾದರೆ ದ್ರಾವಣ ಆಮ್ಲವಾಗಿಯೇ ಉಳಿದು ಸಿಂಗಾರವನ್ನು ಸುಡುತ್ತದೆ. ಲಿಟ್ಮಸ್ ಕಾಗದದ ಉಪಯೋಗ ಮಗುವಿಗೆ ಅಂದು ಅರ್ಥವಾಗುತ್ತದೆ. ಗಣಿತಕ್ಕೆ ಶಾಲೆಯ ಹಂಚಿನ ಮಾಡೇ ಸಾಕು. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಒಂದು ಲೀಟರ್. ವರ್ಷಕ್ಕೆ 3000 ಮಿ.ಮೀ. ಮಳೆಯಾಗುವ ಊರಿನಲ್ಲಿ 100 ಚದರ ಮೀಟರ್ ಮಾಡಿನ ಮೇಲೆ ಬೀಳುವ ನೀರು 3 ಲಕ್ಷ ಲೀಟರ್. ಅಷ್ಟು ನೀರು ಬಿದ್ದ ಅಂಗಳದಲ್ಲಿ ಏಪ್ರಿಲ್ ತಿಂಗಳಿಗೆ ಬಾವಿ ಏಕೆ ತಳ ಕಾಣುತ್ತದೆ ಎಂಬ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ. ಶಿಕ್ಷಣ ಆರಂಭವಾಗುವುದು ಆ ಪ್ರಶ್ನೆಯಿಂದ.

ಗುದ್ದಲಿ ಯಾರ ಕೈಗೆ?

ಇಲ್ಲಿ ಒಂದು ಕಠೋರ ಸತ್ಯವನ್ನು ಮರೆಮಾಚಬಾರದು. 'ಶ್ರಮದ ಗೌರವ' ಎಂಬ ಸುಂದರ ಶಬ್ದದ ಹಿಂದೆ ಅನ್ಯಾಯ ಅಡಗಿ ಕೂರಬಲ್ಲದು. ಕೆಲವು ಶಾಲೆಗಳಲ್ಲಿ ಗುಂಡಿ ತೋಡುವ, ಗೊಬ್ಬರ ಹೊರುವ, ನೀರು ಸೇದುವ ಕೆಲಸ ಕೂಲಿಕಾರರ ಮಕ್ಕಳಿಗೆ, ದಲಿತರ ಮಕ್ಕಳಿಗೆ ಬೀಳುತ್ತದೆ. ಸಸಿ ಇಡುವ ಶಾಸ್ತ್ರ, ಸ್ವಾಗತ ಭಾಷಣ, ಬಹುಮಾನಗಳು ಬೇರೆಯವರಿಗೆ ಸಲ್ಲುತ್ತವೆ. ಕಸ ಗುಡಿಸುವ ಪಾಳಿ ಹುಡುಗಿಯರಿಗೆ, ಕ್ಷೇತ್ರ ಸಂಚಾರ ಹುಡುಗರಿಗೆ. ಹೀಗೆ ನಡೆಯುವ ಕೃಷಿ ಶಿಕ್ಷಣಕ್ಕಿಂತ ಕೃಷಿ ಶಿಕ್ಷಣವಿಲ್ಲದಿರುವುದೇ ಲೇಸು. ಕೂಲಿ ಕೊಟ್ಟು ಮಾಡಿಸಬೇಕಾದ ನೂರಾರು ಗುಂಡಿಗಳನ್ನು ಮಕ್ಕಳಿಂದ ಪುಕ್ಕಟೆ ತೋಡಿಸಿ ಅದನ್ನು ಪರಿಸರ ಕಾಳಜಿ ಎಂದು ಕರೆಯುವುದು ಶಿಕ್ಷಣವಲ್ಲ, ಬಿಟ್ಟಿ ದುಡಿಮೆ. ಪ್ರತಿ ಮಗುವೂ ಬೀಜದಿಂದ ಲೆಕ್ಕದವರೆಗೆ ಎಲ್ಲ ಕೆಲಸವನ್ನೂ ಸರದಿಯ ಮೇಲೆ ಮಾಡಬೇಕು. ಕಲಿಕೆಗೆ ಬೇಕಾದಷ್ಟೇ ಮಾಡಬೇಕು.

ಸರಿಯಾಗಿ ನಡೆದರೆ ಇದೇ ಗದ್ದೆ ಶಾಲೆಯ ಏಣಿಶ್ರೇಣಿಯನ್ನು ತಲೆಕೆಳಗು ಮಾಡಬಲ್ಲದು. ಇಂಗ್ಲಿಷಿನಲ್ಲಿ ಹಿಂದೆ ಬಿದ್ದ, ಕೊನೆಯ ಬೆಂಚಿನಲ್ಲಿ ಕೂರುವ ಹುಡುಗಿಗೆ ಇಪ್ಪತ್ತು ಬಗೆಯ ಸೊಪ್ಪಿನ ಹೆಸರು ಗೊತ್ತಿರುತ್ತದೆ. ಜೋಯಿಡಾದ ಕುಣಬಿ ಮನೆಗಳ ಮಕ್ಕಳಿಗೆ ಗೆಡ್ಡೆಗೆಣಸುಗಳ ವಿಷಯದಲ್ಲಿ ಇರುವ ತಿಳಿವಳಿಕೆ ಅವರ ಶಿಕ್ಷಕರಿಗೆ ಇರಲಾರದು. ಆ ಜ್ಞಾನಕ್ಕೆ ಶಾಲೆಯಲ್ಲಿ ಇದುವರೆಗೆ ಒಂದು ಅಂಕವೂ ದೊರೆತಿಲ್ಲ. ಊರಿನ ನಾಟಿ ವೈದ್ಯೆ, ಬೀಜ ಉಳಿಸಿದ ರೈತ ಮಹಿಳೆ, ಕಟ್ಟು ಕಟ್ಟುವ ಕೂಲಿಯಾಳು ತರಗತಿಯ ಮುಂದೆ ಉಪಾಧ್ಯಾಯರಾಗಿ ನಿಲ್ಲಬೇಕು. ಹಾರ ಹಾಕಿ ಕಳಿಸಿದರೆ ಸಾಲದು. ಅವರ ದಿನಕ್ಕೆ ಗೌರವಧನ ಸಲ್ಲಬೇಕು.

ಆಕ್ಷೇಪಗಳಿಗೆ ಉತ್ತರ

"ಮಗ ಗುದ್ದಲಿ ಹಿಡಿಯಬಾರದೆಂದೇ ಶಾಲೆಗೆ ಕಳಿಸಿದ್ದು" ಎಂಬ ತಂದೆತಾಯಿಯರ ಮಾತನ್ನು ಹಗುರವಾಗಿ ಕಾಣುವ ಅಧಿಕಾರ ಯಾವ ಪರಿಸರವಾದಿಗೂ ಇಲ್ಲ. ಬೆನ್ನು ಬಾಗಿ ದುಡಿದವರ ಮಾತದು. ಆದರೆ ಶಾಲೆ ಆ ಮಗುವಿಗೆ ಕಲಿಸುತ್ತಿರುವುದೇನು? ಊರು ಬಿಟ್ಟು ಹೋದವನು ಗೆದ್ದವನು, ಉಳಿದವನು ಸೋತವನು ಎಂಬ ಒಂದೇ ಪಾಠ. ಬೆಂಗಳೂರಿಗೆ ಹೋಗುವ ಸ್ವಾತಂತ್ರ್ಯ ಮಗುವಿಗಿರಬೇಕು. ತಲೆ ತಗ್ಗಿಸದೆ ಊರಿನಲ್ಲಿ ಉಳಿಯುವ ಸ್ವಾತಂತ್ರ್ಯವೂ ಇರಬೇಕು. ಮೊದಲನೆಯದನ್ನು ಮಾತ್ರ ಕಲಿಸುವ ಶಾಲೆ ಅರ್ಧ ಶಾಲೆ. ವೃದ್ಧರಿಬ್ಬರೇ ಉಳಿದ ಮನೆಗಳು, ಕೊಯ್ಯುವವರಿಲ್ಲದ ಗದ್ದೆಗಳು ಆ ಅರ್ಧ ಶಿಕ್ಷಣದ ಫಲಿತಾಂಶಪಟ್ಟಿ.

ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿಯುತ್ತದೆಂಬುದು ಎರಡನೆಯ ಆಕ್ಷೇಪ. ವಾರಕ್ಕೆ ಎರಡು ಅವಧಿ ಸಾಕು, ಅದೂ ವಿಜ್ಞಾನ, ಗಣಿತಗಳ ಪಾಠವಾಗಿಯೇ. ಮೂರನೆಯ ಆಕ್ಷೇಪ ಸುರಕ್ಷತೆಯದು, ಅದು ನಿಜವಾದದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಇಂದಿಗೂ ಮಲೆನಾಡಿನಲ್ಲಿ ಜೀವ ತೆಗೆಯುತ್ತಿದೆ. ಉಣುಗಿನ ಮೂಲಕ ಹರಡುವ ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಪೀಡಿತ ಪ್ರದೇಶಗಳಲ್ಲಿ ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಿನ ದರಕಿನ ಮೇಲೆ ನಡೆಸಲೇಬಾರದು. ಅಲ್ಲಿನ ಬೇಸಿಗೆಯ ಕಾವಲನ್ನು ಸಂಬಳ ಪಡೆಯುವ ವಯಸ್ಕರು ನೋಡಿಕೊಳ್ಳಬೇಕು. ಮಕ್ಕಳ ಒಣಕಾಲದ ಕೆಲಸ ಶಾಲೆಯ ಅಂಗಳದ್ದಾಗಿರಲಿ: ಮಣ್ಣು-ಗೊಬ್ಬರ ಬೆರೆಸುವುದು, ಚೀಲ ತುಂಬುವುದು, ದಾಖಲೆ ಬರೆಯುವುದು. ಸ್ಥಳೀಯ ಪಂಚಾಂಗ ಬೇಕೆನ್ನುವುದು ಇದಕ್ಕಾಗಿಯೇ. ರಾಜಧಾನಿಯಲ್ಲಿ ಟೈಪಾದ ಒಂದೇ ಸುತ್ತೋಲೆ ಬೀದರಿಗೂ ತೀರ್ಥಹಳ್ಳಿಗೂ ಹೊಂದಲಾರದು.

ಕಾಗದದ ಬೆಳೆ

ಸುತ್ತೋಲೆಗಳಿಗೆ ಈ ದೇಶದಲ್ಲಿ ಬರಗಾಲ ಬಂದಿಲ್ಲ. ಕೈಕೆಲಸದ ಮೂಲಕ ಕಲಿಕೆ ಎಂದು ಗಾಂಧೀಜಿ ವಾರ್ಧಾದಲ್ಲಿ ಸಾರಿದ್ದು 1937ರಲ್ಲಿ. ಕೊಠಾರಿ ಆಯೋಗ 1966ರಲ್ಲಿ ಕಾರ್ಯಾನುಭವ ಎಂದಿತು. ಈಶ್ವರಭಾಯಿ ಪಟೇಲ್ ಸಮಿತಿ 1977ರಲ್ಲಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದಿತು. ಪರಿಸರವನ್ನು ಪಠ್ಯವಾಗಿ ಬೋಧಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಆದೇಶಿಸಿ, 2003ರಲ್ಲಿ ಮತ್ತೆ ಎಚ್ಚರಿಸಬೇಕಾಯಿತು. ಶಾಲೆಗಳಲ್ಲಿ ಹಸಿರು ಪಡೆಯ ಯೋಜನೆ 2001ರಲ್ಲಿ ಬಂತು. ಆರರಿಂದ ಎಂಟನೆಯ ತರಗತಿಯವರಿಗೆ ಹತ್ತು ದಿನಗಳ ಚೀಲರಹಿತ ಅವಧಿಯನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸೂಚಿಸಿತು. ಪ್ರತಿ ಸಲವೂ ಹೆಸರು ಹೊಸದು, ವಿಧಿ ಹಳೆಯದು: ಕೆಲಸ ವಿಷಯವಾಗುತ್ತದೆ, ವಿಷಯ ಅಂಕವಾಗುತ್ತದೆ, ಅಂಕ ಕಾಗದದ ಮೇಲೆ ಬೆಳೆಯುತ್ತದೆ. ಒಬ್ಬ ವಿಜ್ಞಾನ ಶಿಕ್ಷಕರ ಹೆಗಲಿಗೆ ಹೊರೆ ಕಟ್ಟಲಾಗುತ್ತದೆ. ಅವರಿಗೆ ವರ್ಗಾವಣೆಯಾದ ದಿನ ಪಾತಿಯೂ ಒಣಗುತ್ತದೆ.

ಆದ್ದರಿಂದ ಹೊಣೆ ಒಬ್ಬರದಾಗಬಾರದು. ಶಾಲಾಭಿವೃದ್ಧಿ ಸಮಿತಿ, ಗ್ರಾಮ ಅರಣ್ಯ ಸಮಿತಿ, 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯಲ್ಲಿರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ, ಇವು ಮೂರೂ ವರ್ಷಕ್ಕೆರಡು ಸಲ ಶಾಲೆಯ ಜಗಲಿಯಲ್ಲಿ ಮಕ್ಕಳೊಡನೆ ಕುಳಿತು ಮುಂದಿನ ಆರು ತಿಂಗಳ ಪಂಚಾಂಗವನ್ನು ಬರೆಯಬೇಕು. ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು, ಯಾರು ಕಾಯಬೇಕು, ಖರ್ಚು ಯಾರದು ಎಂಬುದು ಅಲ್ಲಿ ನಿರ್ಧಾರವಾಗಬೇಕು. ಅರಣ್ಯದ ನೆಲದಲ್ಲಿ ಮಾಡುವ ಕೆಲಸಕ್ಕೆ ಇಲಾಖೆಯ ಅನುಮತಿ ಮಳೆಗೆ ಮುನ್ನವೇ ಕೈಸೇರಬೇಕು.

ಇಲಾಖೆಗಳು ನೆಟ್ಟ ಸಸಿಗಳ ಸಂಖ್ಯೆಯನ್ನು ಕೇಳುವುದನ್ನು ನಿಲ್ಲಿಸಲಿ. ಬದುಕಿದ ಸಸಿಗಳ ಸಂಖ್ಯೆಯನ್ನು ಕೇಳಲಿ. ವರ್ಷಕ್ಕೆರಡು ಎಣಿಕೆ ಸಾಕು: ಗಣರಾಜ್ಯೋತ್ಸವದ ವೇಳೆಗೆ ಒಂದು, ಬೇಸಿಗೆ ಕಳೆದು ಶಾಲೆ ತೆರೆದ ವಾರ ಇನ್ನೊಂದು. ಕಾಡಿಗೆ ಹೋಗಬಾರದ ಊರುಗಳಲ್ಲಿ ಜನವರಿಯ ಎಣಿಕೆಯನ್ನು ಕಾವಲಿನವರು ಮಾಡಿ ಮಕ್ಕಳಿಗೆ ಒಪ್ಪಿಸಲಿ. ಎರಡನ್ನೂ ಶಾಲೆಯ ಗೋಡೆಯ ಮೇಲೆ, ದಾರಿಹೋಕರಿಗೆ ಕಾಣುವಂತೆ, ಸುಣ್ಣದಲ್ಲಿ ಬರೆಸಲಿ. ನೂರು ನೆಟ್ಟು ಹನ್ನೆರಡು ಉಳಿದಿದ್ದರೆ ಹನ್ನೆರಡೆಂದೇ ಬರೆಯಲಿ. ಆ ಪ್ರಾಮಾಣಿಕ ಹನ್ನೆರಡರಿಂದ ಮಕ್ಕಳು ಕಲಿಯುವಷ್ಟನ್ನು ಸುಳ್ಳು ಸಾವಿರದಿಂದ ಕಲಿಯಲಾರರು.

ಸಿರ್ಸಿ ತಾಲ್ಲೂಕಿನ ಸಲ್ಕಣಿಯಲ್ಲಿ 1983ರ ಸೆಪ್ಟೆಂಬರಿನಲ್ಲಿ ಜನ ಮರಗಳನ್ನು ಅಪ್ಪಿ ನಿಂತಾಗ ಆ ಚಳವಳಿ ಮೂರು ಮಾತುಗಳನ್ನು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ಶಾಲೆಗಳು ಮೊದಲನೆಯದನ್ನು ಭಾಷಣಕ್ಕೆ ಇಟ್ಟುಕೊಂಡಿವೆ, ಮೂರನೆಯದನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟಿವೆ. ನಡುವಿನ ಮಾತು ಅನಾಥವಾಗಿದೆ. ಬರುವ ಜೂನಿನಲ್ಲಿ ಎಂಟನೆಯ ತರಗತಿಗೆ ಕಾಲಿಡುವ ಮಗುವಿನ ದಾರಿಯಲ್ಲಿ ಹೆಬ್ಬಲಸಿನ ಹಣ್ಣು ಉದುರಿರುತ್ತದೆ. ಅದನ್ನು ಆರಿಸಿ ತಾ ಎಂದು ಹೇಳುವ ಶಾಲೆ ಆ ಮಗುವಿಗೆ ಸಿಗಬೇಕು. ಬೀಜ ಹದಿನೈದು ದಿನ ಕಾದೀತು. ಮುಂದಿನ ಸುತ್ತೋಲೆಯವರೆಗೆ ಕಾಯಲಾರದು.